ಹೂ ಮಾರುವವಳು ಮತ್ತು ಇಂಗ್ಲಿಷಿನ ‘ಹೂ’

ರಾತ್ರಿ ಹತ್ತೂವರೆಗೆ ಫೋನ್ ಬಂತು. “ಮೇಡಂ, ಮಲಗಿದ್ರಾ?”

ಗಾಂಧಿನಗರದ ಕಡೆಯವರಿಗೆ ಹತ್ತೂವರೆ ಅಂದರೆ ಇನ್ನೂ ಸಂಜೆ. “ಇಲ್ಲಪ್ಪ, ಹೇಳು” ಅಂದೆ, ಕಣ್ಣುಜ್ಜಿಕೊಳ್ಳುತ್ತಾ.

ಹುಡುಗನ ಮೊದಲ ಸಿನಿಮಾ. ಹೊರದೇಶದ ಒಂದು ಫೆಸ್ಟಿವಲ್ಲಿಗೆ ಕಳಿಸಬೇಕಿತ್ತು. ಅದರ ಫಾರಂನಲ್ಲಿ ಇಂಗ್ಲಿಷ್ ಸಿನಾಪ್ಸಿಸ್, ಅಂದರೆ ಕಥೆಯ ಸಾರಾಂಶ, ಕೇಳಿದ್ದರು. 150 ಪದ, ಒಂದು ಪದ ಜಾಸ್ತಿಯಾದರೂ ತಗೊಳ್ಳಲ್ಲ. ನಾನು ಆವತ್ತೇ ಮಧ್ಯಾಹ್ನ ಬರೆದು ಕಳಿಸಿದ್ದೆ. ಇಂಥ ಸಣ್ಣ ಸಣ್ಣ ಕೆಲಸವೇ ನನ್ನ ಕಸುಬು. ಸಬ್‌ಟೈಟಲ್, ಸಿನಾಪ್ಸಿಸ್, ಒನ್ ಲೈನ್, ಪೋಸ್ಟರ್ ಮೇಲಿನ ಎರಡು ಸಾಲು. ಬರೆದವರ ಹೆಸರು ಎಲ್ಲೂ ಬರುವುದಿಲ್ಲ. ಬೈಗುಳ ಮಾತ್ರ ಸರಿಯಾದ ವಿಳಾಸಕ್ಕೆ ಬರುತ್ತದೆ.

“ಇಂಗ್ಲಿಷ್ ಚೆನ್ನಾಗಿದೆ ಮೇಡಂ. ಆದ್ರೆ ಇದ್ರಲ್ಲಿ ನಮ್ಮ ಸಿನಿಮಾ ಇಲ್ಲ.”

ನಾನು ಬರೆದ ಮೊದಲ ಸಾಲು ಹೀಗಿತ್ತು: ‘ಎ ಫ್ಲವರ್ ಸೆಲ್ಲರ್ ಹೂ ಲೀವ್ಸ್ ಹರ್ ಹಸ್ಬೆಂಡ್ ರೆಂಟ್ಸ್ ಎ ರೂಮ್ ಇನ್ ಯಶವಂತಪುರ.’ ಗಂಡನನ್ನು ಬಿಟ್ಟು ಬರುವ ಹೂವಿನಾಕೆ ಯಶವಂತಪುರದಲ್ಲಿ ಒಂದು ರೂಮು ಬಾಡಿಗೆಗೆ ಹಿಡಿಯುತ್ತಾಳೆ. ಸ್ಪೆಲ್ಲಿಂಗ್ ತಪ್ಪಿಲ್ಲ, ಗ್ರಾಮರ್ ತಪ್ಪಿಲ್ಲ. ಯಾವ ಮೇಷ್ಟ್ರೂ ಕೆಂಪು ಗೆರೆ ಎಳೆಯಲಾರರು.

“ಒಂದೂಮುಕ್ಕಾಲು ಗಂಟೆ ಸಿನಿಮಾ ಮೇಡಂ. ಅದ್ರಲ್ಲಿ ಒಂದೂವರೆ ಗಂಟೆ ಅವಳು ಬಿಡ್ಬೇಕಾ ಬೇಡ್ವಾ ಅಂತ್ಲೇ ಒದ್ದಾಡ್ತಾಳೆ. ರೂಮು ಹಿಡಿಯೋದು ಕೊನೇ ಐದು ನಿಮಿಷ. ನೀವು ಅವಳು ಬಿಡೋದನ್ನ ತಗೊಂಡೋಗಿ ಆ ‘ಹೂ’ ಒಳಗೆ ಹಾಕ್ಬಿಟ್ಟಿದೀರಿ.”

ಮಾತಾಡೋಕೆ ಏನೂ ಉಳಿಯಲಿಲ್ಲ. ಇಪ್ಪತ್ತು ವರ್ಷದಿಂದ ಇಂಗ್ಲಿಷಿನಲ್ಲಿ ಕಥೆ ಸಾರಾಂಶ ಬರೆಯುತ್ತಿದ್ದೇನೆ. ಈ ಹುಡುಗ ಒಂದೇ ಮಾತಿನಲ್ಲಿ ನನ್ನ ಅಷ್ಟೂ ವರ್ಷದ ತಪ್ಪನ್ನು ತೆಗೆದು ಕೈಗಿಟ್ಟಿದ್ದ. ನಾಳೆ ಬೆಳಿಗ್ಗೆ ಸಿಗೋಣ ಅಂತ ಹೇಳಿ ಫೋನ್ ಇಟ್ಟೆ. ನಿದ್ದೆ ಬರಲಿಲ್ಲ.

ನಾನು ಓದಿದ್ದು ತುಮಕೂರಿನ ಕಡೆಯ ಕನ್ನಡ ಮೀಡಿಯಂ ಸ್ಕೂಲು. ಐದನೇ ಕ್ಲಾಸಿನಲ್ಲಿ ಇಂಗ್ಲಿಷ್ ಶುರು. ‘ಹೂ ಅಂದ್ರೆ ಯಾರು’ ಅಂತ ಮೇಷ್ಟ್ರು ಹೇಳಿಕೊಟ್ಟ ದಿನ ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತ್ತು. ಹೂ ಅಂದರೆ ಮುಡಿಯೋದಲ್ವಾ? ಮುಂದೆ ಹೈಸ್ಕೂಲಿನಲ್ಲಿ ಅದೇ ಹೂ ಬೇರೆ ವೇಷದಲ್ಲಿ ಬಂತು. ‘ಹೂ ಬಳಸಿ ಎರಡು ವಾಕ್ಯ ಜೋಡಿಸಿ’, ಒಂದು ಮಾರ್ಕ್ಸಿನ ಪ್ರಶ್ನೆ. ಇವನೇ ಆ ಹುಡುಗ. ಇವನು ಗಾಜು ಒಡೆದ. ಜೋಡಿಸಿದರೆ, ಇವನೇ ಗಾಜು ಒಡೆದ ಹುಡುಗ. ಒಂದು ಮಾರ್ಕ್ಸ್ ಬಂತು, ಮುಗೀತು. ಎರಡು ವಾಕ್ಯದಲ್ಲಿ ಯಾವುದನ್ನು ಒಳಗೆ ಕಳಿಸಬೇಕು, ಯಾವುದು ಹೊರಗೆ ನಿಲ್ಲಬೇಕು ಅಂತ ಯಾರೂ ಕೇಳಲಿಲ್ಲ. ಪ್ರಶ್ನೆಪತ್ರಿಕೆ ಅದನ್ನು ಮೊದಲೇ ತೀರ್ಮಾನ ಮಾಡಿಟ್ಟಿರುತ್ತಿತ್ತು.

ಇದಕ್ಕೆ ರಿಲೇಟಿವ್ ಕ್ಲಾಜ್ ಅಂತ ಹೆಸರು. ರಿಲೇಟಿವ್ ಅಂದರೆ ನೆಂಟ. ಆ ರಾತ್ರಿ ನನಗೆ ಅನ್ನಿಸಿದ್ದೂ ಅದೇ. ನೆಂಟರು ಬಂದು ಜಗಲಿ ಮೇಲೆ ಕೂತು ಕಾಫಿ ಕುಡಿದು ಹೋಗಬೇಕು. ನಾನು ಮನೆ ಯಜಮಾನಿಯನ್ನೇ ಜಗಲಿಗೆ ಕೂರಿಸಿ, ನೆಂಟರ ಕೈಗೆ ಬೀಗದ ಕೈ ಕೊಟ್ಟಿದ್ದೆ.

ಯಾಕೆ ಹಾಗಾಯ್ತು ಅಂತ ಯೋಚಿಸಿದರೆ ದಾರಿ ಕನ್ನಡಕ್ಕೇ ಹೋಗುತ್ತದೆ. ನಮ್ಮಲ್ಲಿ ‘ಹೂ’ ಥರದ ಕೊಂಡಿ ಪದ ಇಲ್ಲ. ನಮಗೆ ಅದು ಬೇಕಾಗೂ ಇಲ್ಲ. ಮಾಡಿದ, ಮಾಡುವ, ಮಾಡದ. ಸ್ಕೂಲಿನಲ್ಲಿ ಕೃದಂತ ಅಂತ ಬಾಯಿಪಾಠ ಮಾಡಿದ್ದೆವಲ್ಲ, ಅದೇ. ಈ ಮೂರರಲ್ಲಿ ಒಂದನ್ನು ಹೆಸರಿನ ಮುಂದೆ ಇಟ್ಟರೆ ಕೆಲಸ ಆಯಿತು. 1856ರಲ್ಲಿ ರಾಬರ್ಟ್ ಕಾಲ್ಡ್‌ವೆಲ್ ದ್ರಾವಿಡ ಭಾಷೆಗಳನ್ನು ಹೋಲಿಸಿ ವ್ಯಾಕರಣ ಬರೆದಾಗಲೇ ಇದನ್ನು ಗುರುತಿಸಿದ್ದರು. ಇಂಗ್ಲಿಷಿನವರು ಹೂ, ವಿಚ್ ಅಂತ ಕೊಂಡಿ ಹಾಕುವ ಕಡೆ ಈ ಭಾಷೆಗಳು ಕ್ರಿಯಾಪದವನ್ನೇ ಹೆಸರಿನ ಮುಂದೆ ತಂದು ನಿಲ್ಲಿಸುತ್ತವೆ ಅಂತ. ನಮ್ಮ ಎಂ.ಜಿ. ರೋಡಿನಲ್ಲಿ ಪ್ರತಿಮೆಯಾಗಿ ನಿಂತಿರುವ ಕಿಟೆಲ್ ಕೂಡ ಜರ್ಮನಿಯಿಂದ ಬಂದು ಕನ್ನಡ ಕಲಿತವರು. ಅವರು ಇದನ್ನು ಮೊದಲ ಸಲ ಕೇಳಿದಾಗ ಎಷ್ಟು ತಲೆ ಕೆರೆದುಕೊಂಡಿರಬೇಕು! ನಾನು ಅದೇ ರಸ್ತೆಯಲ್ಲಿ ಎದುರಿನಿಂದ ಬರುತ್ತಿದ್ದೇನೆ, ಅಷ್ಟೇ ವ್ಯತ್ಯಾಸ.

ಒಂದು ಸಣ್ಣ ಆಟ ಆಡಿ ನೋಡಿ. ಅವಳು ಓದಿದ ಪುಸ್ತಕ. ಅವಳು ಓದಿದ ಸ್ಕೂಲು. ಅವಳು ಓದಿದ ವರ್ಷ. ಅವಳು ಓದಿದ ಕಾರಣ. ಅವಳು ಓದಿದ ಕನ್ನಡಕ. ಐದು ಕಡೆಯೂ ಅದೇ ‘ಓದಿದ’. ಒಂದು ಅಕ್ಷರ ಬದಲಾಗಿಲ್ಲ. ಪುಸ್ತಕವನ್ನು ಓದಿದಳು, ಸ್ಕೂಲಿನಲ್ಲಿ ಓದಿದಳು, ಕನ್ನಡಕ ಹಾಕಿಕೊಂಡು ಓದಿದಳು. ಈ ಸಂಬಂಧವನ್ನೆಲ್ಲ ಕೇಳುವವರು ತಾವೇ ತುಂಬಿಕೊಳ್ಳುತ್ತಾರೆ. ಇಂಗ್ಲಿಷ್ ಮಾತ್ರ ಬಾಗಿಲಲ್ಲೇ ನಿಲ್ಲಿಸಿ ಕೇಳುತ್ತದೆ. ಪುಸ್ತಕಕ್ಕೆ ವಿಚ್ ಅಥವಾ ದಟ್. ಸ್ಕೂಲಿಗೆ ವೇರ್. ವರ್ಷಕ್ಕೆ ವೆನ್. ಕಾರಣಕ್ಕೆ ವೈ. ಕನ್ನಡಕಕ್ಕೆ ‘ವಿತ್ ವಿಚ್’. ಮೆಜೆಸ್ಟಿಕ್ಕಿನಲ್ಲಿ ಕಂಡಕ್ಟರ್ ಪ್ರತಿಯೊಬ್ಬರನ್ನೂ ‘ಎಲ್ಲಿಗೆ, ಎಲ್ಲಿಗೆ’ ಅಂತ ಕೇಳಿದ ಹಾಗೆ.

ಹಾಗಾಗಿಯೇ ನಮ್ಮವರ ಇಂಗ್ಲಿಷಿನಲ್ಲಿ ಸಣ್ಣ ಪದಗಳು ಬಿದ್ದುಹೋಗುತ್ತವೆ. ‘ದ ಹೌಸ್ ವಿಚ್ ಶೀ ವರ್ಕ್ಸ್’ ಅಂತ ಬರೆಯುತ್ತೇವೆ. ಅವಳು ಕೆಲಸ ಮಾಡುವ ಮನೆ, ಕನ್ನಡದಲ್ಲಿ ಏನೂ ಕಮ್ಮಿಯಿಲ್ಲ. ಇಂಗ್ಲಿಷಿನಲ್ಲಿ ಒಂದು ‘ಇನ್’ ಬೇಕಿತ್ತು, ಇಲ್ಲವೇ ವಿಚ್ ಬದಲು ವೇರ್. ಅವಳು ಮಲಗುವ ಚಾಪೆಗೆ ‘ಆನ್’ ಬೇಕು. ಒಬ್ಬರ ಸಿನಾಪ್ಸಿಸ್ ತಿದ್ದುವಾಗ ‘ದ ಮ್ಯಾನ್ ವಿಚ್ ಶೀ ಲಿವ್ಸ್’ ಅಂತ ಇತ್ತು. ‘ವಿತ್’ ಬಿಟ್ಟಿದ್ದು ಒಂದು ತಪ್ಪು, ಗಂಡಸಿಗೆ ವಿಚ್ ಹಾಕಿದ್ದು ಇನ್ನೊಂದು. ಆ ಪಾತ್ರ ಸಿನಿಮಾದಲ್ಲಿ ಮಾಡುವುದನ್ನೆಲ್ಲ ನೋಡಿದ ಮೇಲೆ ಎರಡನೆಯದನ್ನು ಹಾಗೇ ಬಿಡೋಣ ಅನ್ನಿಸಿತ್ತು.

ಹುಲಿಯ ವಿಷಯ ಇನ್ನೂ ಮಜವಾಗಿದೆ. ‘ಹುಲಿ ಕೊಂದ ಹುಡುಗ’ ಅಂದರೆ ಯಾರು ಯಾರನ್ನು ಕೊಂದರು? ಹುಡುಗ ಹುಲಿಯನ್ನು ಕೊಂದಿರಬಹುದು. ಹುಲಿ ಹುಡುಗನನ್ನು ಕೊಂದಿರಬಹುದು. ಮೂರೇ ಪದ, ಎರಡು ಬೇರೆ ಬೇರೆ ಸಿನಿಮಾ. ಸಳನ ಕಥೆ ಗೊತ್ತಿರುವುದರಿಂದ ನಾವು ಗೆದ್ದವನು ಹುಡುಗನೇ ಅಂದುಕೊಳ್ಳುತ್ತೇವೆ. ಮೂಡಿಗೆರೆ ತಾಲ್ಲೂಕಿನ ಅಂಗಡಿ ಊರು, ಆಗಿನ ಸೊಸೆವೂರು, ಗುರು ಸುದತ್ತರು ‘ಹೊಯ್ ಸಳ’ ಅಂದಿದ್ದು ನಮ್ಮ ಕಿವಿಯಲ್ಲಿದೆ. ಬೇಲೂರು, ಹಳೇಬೀಡಿನ ಕಲ್ಲಿನಲ್ಲೂ ಅದೇ ಇದೆ. (ಅದು ಹುಲಿಯೋ ಸಿಂಹವೋ ಅನ್ನೋ ಜಗಳ ಬೇರೆ, ಅದಕ್ಕೆ ಈಗ ಹೋಗುವುದಿಲ್ಲ.) ಹೊರಗಿನವರಿಗೆ ಆ ಕಲ್ಲೂ ಗೊತ್ತಿಲ್ಲ, ಕಥೆಯೂ ಗೊತ್ತಿಲ್ಲ. ಇಂಗ್ಲಿಷಿನಲ್ಲಿ ‘ಹೂ ಕಿಲ್ಡ್ ದ ಟೈಗರ್’ ಅಂದರೆ ಹುಡುಗ ಉಳಿದ. ‘ಹೂಮ್ ದ ಟೈಗರ್ ಕಿಲ್ಡ್’ ಅಂದರೆ ತಿಥಿ.

ಸಾವು ಅಂದಾಗ ನೆನಪಾಯಿತು. ಇದು ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು, ಬೇರೆ ಸಿನಿಮಾ. ಊರ ಗೌಡರಿಗೊಬ್ಬಳು ತಂಗಿ. ಅವಳು ಮೊದಲ ಸೀನಿನಲ್ಲೇ ಸಾಯುತ್ತಾಳೆ. ಉಳಿದ ಸಿನಿಮಾ ಪೂರ್ತಿ ಗೌಡರ ಮೌನ. ನಾನು ಬರೆದಿದ್ದು ‘ದ ಸಿಸ್ಟರ್ ಆಫ್ ಎ ಲ್ಯಾಂಡ್‌ಲಾರ್ಡ್ ಹೂ ಡೈಸ್ ಇನ್ ದ ಓಪನಿಂಗ್ ಸೀನ್’ ಅಂತ. ‘ಹೂ’ ತನಗೆ ಹತ್ತಿರ ಇರುವ ಹೆಸರಿಗೆ ಜೋತು ಬೀಳುತ್ತದೆ. ಇಲ್ಲಿ ಹತ್ತಿರ ಇದ್ದದ್ದು ಲ್ಯಾಂಡ್‌ಲಾರ್ಡ್. ಅದು ಸಿನಿಮಾಗಳ ಸಾರಾಂಶದ ಪುಸ್ತಕದಲ್ಲಿ ಹಾಗೇ ಪ್ರಿಂಟಾಗಿ, ನಿರ್ದೇಶಕರ ಕೈಗೂ ಸೇರಿತು. “ನಮ್ಮ ಗೌಡ್ರನ್ನ ಯಾಕ್ರೀ ಸಾಯಿಸಿದ್ರಿ? ಇನ್ನೂ ಒಂದೂಮುಕ್ಕಾಲು ಗಂಟೆ ಅವ್ರೇ ಇರ್ಬೇಕು” ಅಂದರು. ನಕ್ಕುಕೊಂಡೇ ಅಂದರು ಅನ್ನಿ. ‘ದ ಲ್ಯಾಂಡ್‌ಲಾರ್ಡ್ಸ್ ಸಿಸ್ಟರ್, ಹೂ ಡೈಸ್’ ಅಂತ ಬರೆದಿದ್ದರೆ ಗೌಡರು ಬದುಕುತ್ತಿದ್ದರು. ಬೇಕಿದ್ದದ್ದು ತಂಗಿಯನ್ನು ‘ಹೂ’ ಪಕ್ಕಕ್ಕೆ ಸರಿಸುವುದು, ಅಷ್ಟೇ. ಕನ್ನಡದಲ್ಲೂ ಇದೇ ತೊಡಕಿದೆ, ನೋಡಿ. ‘ಮೊದಲ ಸೀನಿನಲ್ಲೇ ಸಾಯುವ ಗೌಡರ ತಂಗಿ’ ಅಂದರೂ ಗೌಡರಿಗೆ ಗ್ಯಾರಂಟಿ ಇಲ್ಲ. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಆ ಕನ್ನಡ ಸಾಲೇ ಇರಬೇಕು.

ಬೆಳಿಗ್ಗೆ ಮಲ್ಲೇಶ್ವರದ ಒಂದು ದರ್ಶಿನಿಯಲ್ಲಿ ಹುಡುಗ ಸಿಕ್ಕಿದ. ಎತ್ತರದ ಸ್ಟೀಲ್ ಟೇಬಲ್ಲು, ಬೈಟು ಕಾಫಿ, ನನ್ನ ರೂಲ್ಡ್ ನೋಟ್‌ಬುಕ್ಕು. ಪಕ್ಕದಲ್ಲಿ ಒಬ್ಬರು ವಡೆಯನ್ನು ಸಾಂಬಾರಿನಲ್ಲಿ ಮುಳುಗಿಸಿಟ್ಟು ಪೇಪರ್ ಓದುತ್ತಿದ್ದರು.

“ಇಂಗ್ಲಿಷ್ ಬಿಡಪ್ಪ. ನಿಮ್ಮಜ್ಜಿ ಕಥೆ ಹೇಳ್ತಿದ್ರಲ್ಲ, ಹಾಗೆ ಹೇಳು” ಅಂದೆ.

ಅವನು ಸ್ವಲ್ಪ ನಾಚಿಕೊಂಡ. ಆಮೇಲೆ ಶುರು ಮಾಡಿದ. ಒಬ್ಳು ಹೂ ಮಾರ್ತಾಳೆ. ದೇವಸ್ಥಾನದ ಹೊರಗೆ. ಅವಳಿಗೊಬ್ಬ ಗಂಡ. ಆಟೋ ಓಡಿಸ್ತಾನೆ. ಕುಡೀತಾನೆ, ಹೊಡೀತಾನೆ. ಒಬ್ಳು ಮಗಳು. ಎಸ್ಸೆಸ್ಸೆಲ್ಸಿ. ಪರೀಕ್ಷೆಗೆ ಇನ್ನೊಂದು ವಾರ ಇದೆ. ಹೂವಿನವಳಿಗೊಬ್ಬ ಅಣ್ಣ, ಮಂಡ್ಯದಲ್ಲಿ. ಪರೀಕ್ಷೆ ಮುಗಿಯೋವರೆಗೂ ಸುಮ್ನಿರು ಅಂತಾನೆ. ಇವಳಿಗೆ ಸುಮ್ನಿರೋಕಾಗಲ್ಲ. ಬಿಟ್ಟು ಹೋಗೋಕೂ ಆಗಲ್ಲ.

ನಾನು ಅವನ ಬಾಯಿಂದ ಬಂದ ಹಾಗೇ ಒಂದರ ಕೆಳಗೊಂದು ಬರೆದುಕೊಂಡೆ. ಬರೆದ ಮೇಲೆ ಇಬ್ಬರೂ ನೋಡಿದೆವು. ಅಷ್ಟು ಸಾಲಿನಲ್ಲಿ ಒಂದೇ ಒಂದು ಕಡೆಯೂ ‘ಮಾರುವ’, ‘ಕುಡಿಯುವ’ ಬಂದಿಲ್ಲ. ಒಬ್ಬಳಿದ್ದಾಳೆ, ಅವಳಿಗೊಬ್ಬನಿದ್ದಾನೆ, ಅವನು ಹೀಗೆ ಮಾಡುತ್ತಾನೆ. ಅಜ್ಜಿಯ ಕಥೆಯಲ್ಲಿ ನೆಂಟರೇ ಇಲ್ಲ. ಎಲ್ಲರೂ ಮನೆಯವರೇ. ಒಂದೂರಲ್ಲಿ ಒಬ್ಬ ರಾಜ ಇದ್ದ, ಅವನಿಗೆ ಏಳು ಜನ ಹೆಂಡ್ತೀರು. ಕೇಳುವ ಮಗು ‘ಹೂಂ’ ಅನ್ನೋಕೆ ಪ್ರತಿ ವಾಕ್ಯದ ಕೊನೆಯಲ್ಲೂ ಜಾಗ ಇರಬೇಕಲ್ಲ.

ಆದರೆ ಬರೆಯುವ ಕನ್ನಡ ಹಾಗಿಲ್ಲ. ಪೇಪರಿನಲ್ಲಿ ಸಿನಿಮಾ ಬಗ್ಗೆ ಬರೆಯುವಾಗ ನಾವು ಏನು ಮಾಡುತ್ತೇವೆ? ‘ಕುಡುಕ ಗಂಡನ ಕಾಟ ತಾಳಲಾರದೆ ಮನೆ ಬಿಟ್ಟು ಬರುವ ಹೂವಾಡಗಿತ್ತಿಯ ಕಥೆ ಇದು.’ ಇಡೀ ಸಿನಿಮಾವನ್ನು ಹೆಸರಿನ ಮುಂದೆ ಪೇರಿಸಿ, ಕೊನೆಗೆ ‘ಕಥೆ’ ಅನ್ನೋ ಮುಚ್ಚಳ ಹಾಕುತ್ತೇವೆ. ಭಾರ ಎಲ್ಲ ಆ ‘ಬಿಟ್ಟು ಬರುವ’ದ ಮೇಲೇ ಇರುತ್ತದೆ. ಮುಚ್ಚಳಕ್ಕೆ ತೂಕವೇ ಇಲ್ಲ. ನನ್ನ ಕೈ ಇದಕ್ಕೆ ಪಳಗಿಬಿಟ್ಟಿದೆ. ಮುಖ್ಯವಾದದ್ದನ್ನೆಲ್ಲ ಕೃದಂತಕ್ಕೆ ಹಾಕುವುದು ನನಗೆ ಚಟ. ಅದನ್ನೇ ಇಂಗ್ಲಿಷಿಗೆ ತಿರುಗಿಸಿದರೆ ಮುಖ್ಯವಾದದ್ದು ‘ಹೂ’ ಒಳಗೆ ಹೋಗಿ ಕೂರುತ್ತದೆ. ಆಮೇಲೆ ವಾಕ್ಯಕ್ಕೆ ಒಂದು ಕ್ರಿಯಾಪದ ಬೇಕಲ್ಲ ಅಂತ ಯಶವಂತಪುರದ ರೂಮನ್ನು ತಂದು ಅಂಟಿಸುತ್ತೇನೆ. ಇಂಗ್ಲಿಷ್ ಓದುವವರು ಆ ಕೊನೆಯ ಕ್ರಿಯಾಪದವನ್ನೇ ಕಥೆ ಅಂದುಕೊಳ್ಳುತ್ತಾರೆ. ಇದು ಒಬ್ಬಳು ಬಾಡಿಗೆ ರೂಮು ಹುಡುಕುವ ಸಿನಿಮಾ ಅಂತ. ಬೆಂಗಳೂರಿನಲ್ಲಿ ಅಡ್ವಾನ್ಸ್ ಕೇಳುವುದು ನೋಡಿದರೆ ಅದೂ ಒಳ್ಳೆ ಸಿನಿಮಾನೇ ಆಗುತ್ತೆ, ಆದರೆ ಇವನದ್ದು ಅದಲ್ಲ.

ಇಂಗ್ಲಿಷಿನಲ್ಲೂ ‘ದಿಸ್ ಈಸ್ ದ ಸ್ಟೋರಿ ಆಫ್ ಎ ವುಮನ್ ಹೂ ಲೀವ್ಸ್ ಹರ್ ಹಸ್ಬೆಂಡ್’ ಅನ್ನಬಹುದು. ಅಲ್ಲಿ ‘ಹೂ’ ಆದಮೇಲೆ ಬೇರೆ ಕ್ರಿಯಾಪದ ಇಲ್ಲ, ಹಾಗಾಗಿ ಭಾರ ಬೀಳಬೇಕಾದ ಕಡೆಯೇ ಬೀಳುತ್ತದೆ. ನಮ್ಮ ‘ಕಥೆ ಇದು’ಗೆ ಸರಿಯಾದ ಜೋಡಿ. ತೊಂದರೆ ಏನಪ್ಪಾ ಅಂದರೆ ‘ದಿಸ್ ಈಸ್ ದ ಸ್ಟೋರಿ ಆಫ್’ ಅನ್ನೋಕೇ ಐದು ಪದ ಖರ್ಚು. 150 ಪದದ ಸಂಸಾರದಲ್ಲಿ ಐದು ದೊಡ್ಡ ಮೊತ್ತ.

ಒಂದೊಂದೇ ಸಾಲಿನ ಮೇಲೆ ಪೆನ್ನಿಟ್ಟು ಕೇಳುತ್ತಾ ಹೋದೆ. “ಇದು ಬದಲಾದ್ರೆ ನಿನ್ನ ಸಿನಿಮಾ ಬದಲಾಗುತ್ತಾ?” ಗಂಡ ಆಟೋ ಬದಲು ಟೆಂಪೋ ಓಡಿಸಿದರೆ? ಇಲ್ಲ. ಹಾಗಿದ್ದರೆ ಅದು ‘ಹೂ’ ಒಳಗೆ. ಅಣ್ಣ ಮಂಡ್ಯ ಬಿಟ್ಟು ರಾಮನಗರದಲ್ಲಿದ್ದರೆ? ಇಲ್ಲ. ಒಳಗೆ. ಅವಳು ಹೂವಿನ ಬದಲು ಸೊಪ್ಪು ಮಾರಿದರೆ? ಹುಡುಗ ಇಲ್ಲಿ ತಡೆದ. “ಅಯ್ಯೋ ಮೇಡಂ, ಹೂ ಇರ್ಲೇಬೇಕು. ಅವಳು ಕಟ್ತಾ ಕೂತಿರೋ ಶಾಟ್ ಇದೆ, ಏಳು ನಿಮಿಷ.” ಆ ಶಾಟ್ ನಾನು ನೋಡಿದ್ದೆ. ಎಡಗೈಯಲ್ಲಿ ಬಾಳೆನಾರು, ಕಾಕಡ ಎರಡು ಈ ಕಡೆ ಮುಖ, ಎರಡು ಆ ಕಡೆ ಮುಖ, ಒಂದು ಸುತ್ತು, ಒಂದು ಗಂಟು. ಅವಳ ಕಣ್ಣು ಕೈ ಮೇಲಿಲ್ಲ. ರಸ್ತೆಯಾಚೆ ನಿಂತ ಆಟೋ ಮೇಲಿದೆ. ಮೊಳ ಅಳೆಯುವಾಗ ಮಾತ್ರ ಒಮ್ಮೆ ತನ್ನ ಮೊಣಕೈ ನೋಡಿಕೊಳ್ಳುತ್ತಾಳೆ. ಅಲ್ಲೊಂದು ಹಳೇ ಗಾಯ.

ಮಗಳ ಪರೀಕ್ಷೆ? “ಅದು ಬದಲಾದ್ರೆ ಸಿನಿಮಾನೇ ಇಲ್ಲ” ಅಂದ. ಸರಿ, ಅದಕ್ಕೆ ಮೊದಲ ಸಾಲಿನಲ್ಲೇ ಜಾಗ. ಬಿಡಬೇಕೋ ಬೇಡವೋ ಅನ್ನೋದು? ಅದೇ ಕ್ರಿಯಾಪದ. ಅದರ ಮುಂದೆ ಯಾರೂ ಅಡ್ಡ ನಿಲ್ಲಬಾರದು.

ಅಣ್ಣನ ಸಾಲಿನಲ್ಲಿ ಇನ್ನೊಂದು ಗುಂಡಿ ಇತ್ತು. ‘ಹರ್ ಬ್ರದರ್ ಹೂ ಲಿವ್ಸ್ ಇನ್ ಮಂಡ್ಯ’ ಅಂತ ಕಾಮಾ ಇಲ್ಲದೆ ಬರೆದರೆ, ಮಂಡ್ಯದಲ್ಲಿ ಇರದ ಇನ್ನೊಬ್ಬ ಅಣ್ಣ ಎಲ್ಲೋ ಇದ್ದಾನೆ ಅನ್ನುವ ಅರ್ಥ ಬರುತ್ತದೆ. ಯಾವ ಅಣ್ಣ? ಮಂಡ್ಯದ ಅಣ್ಣ. ‘ಬ್ರದರ್’ ಆದಮೇಲೆ ಒಂದು ಕಾಮಾ, ‘ಮಂಡ್ಯ’ ಆದಮೇಲೆ ಒಂದು ಕಾಮಾ ಹಾಕಿದರೆ ಅಣ್ಣ ಒಬ್ಬನೇ. ಮಂಡ್ಯ ಅನ್ನೋದು ಸುಮ್ನೆ ಜೊತೆಗೆ ಹೇಳಿದ ಮಾತು. ಹುಡುಗ ನಂಬಲಿಲ್ಲ. “ಕಾಮಾ ಅಣ್ಣನ್ನ ಹುಟ್ಸುತ್ತಾ ಮೇಡಂ?” ಹುಟ್ಟಿಸಲ್ಲ, ಕಡಿಮೆ ಮಾಡುತ್ತೆ ಅಂದೆ. ಕನ್ನಡದಲ್ಲಿ ‘ಮಂಡ್ಯದಲ್ಲಿರುವ ಅಣ್ಣ ಬರುತ್ತಾನೆ’ ಅಂದರೆ ಯಾರೂ ಅಣ್ಣಂದಿರನ್ನು ಎಣಿಸಲು ಕೂರುವುದಿಲ್ಲ. ಇಂಗ್ಲಿಷಿನಲ್ಲಿ ಎರಡು ಸಣ್ಣ ಬಾಲಗಳು ಒಂದು ಸಂಸಾರದ ರೇಷನ್ ಕಾರ್ಡನ್ನೇ ಬದಲಾಯಿಸುತ್ತವೆ.

ದಟ್ ಮತ್ತು ವಿಚ್ ಜಗಳವನ್ನೂ ಅವನು ಕೇಳಿದ. ಎಲ್ಲೋ ಓದಿದ್ದನಂತೆ. 1926ರಲ್ಲಿ ಫೌಲರ್ ಅನ್ನೋ ಇಂಗ್ಲಿಷ್ ಪಂಡಿತರು ಕಾಮಾ ಇಲ್ಲದ ಕಡೆ ದಟ್, ಕಾಮಾ ಇರುವ ಕಡೆ ವಿಚ್ ಅಂತ ಹಂಚಿಕೊಂಡರೆ ಚೆಂದ ಅಂದರು. ಅಮೆರಿಕದ ಎಡಿಟರುಗಳು ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು. ಇಂಗ್ಲೆಂಡಿನಲ್ಲಿ ಇವತ್ತಿಗೂ ಅಷ್ಟೇನೂ ಕೇರ್ ಮಾಡುವುದಿಲ್ಲ. ನಾನು ಅಮೆರಿಕಕ್ಕೆ ಕಳಿಸುವಾಗ ಪಾಲಿಸುತ್ತೇನೆ, ಉಳಿದ ಕಡೆ ಕಿವಿಗೆ ಹಿತವಾದದ್ದನ್ನು ಹಾಕುತ್ತೇನೆ. ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳುವ ಅಗತ್ಯ ಇಲ್ಲ ಅನ್ನೋದು ನನ್ನ ಅನಿಸಿಕೆ.

ನನಗೆ ಇಷ್ಟವಾದದ್ದು ‘ಹೂಸ್’. ಕಾಲು ಮುರಿದ ಕುರ್ಚಿ, ಎಲೆ ಉದುರಿದ ಮರ, ಮಗ ಕೈಬಿಟ್ಟ ತಾಯಿ. ಕಾಲು ಕುರ್ಚಿಯದು, ಎಲೆ ಮರದ್ದು ಅಂತ ಕನ್ನಡ ಬಾಯಿಬಿಟ್ಟು ಹೇಳುವುದೇ ಇಲ್ಲ. ಇಂಗ್ಲಿಷ್ ಅದಕ್ಕೊಂದು ಪದ ಇಟ್ಟಿದೆ. ಮನುಷ್ಯರಿಗೆ ಮಾತ್ರ ಹೂಸ್ ಬಳಸಬೇಕು ಅಂತ ನಾನು ಎಷ್ಟೋ ವರ್ಷ ಅಂದುಕೊಂಡಿದ್ದೆ. ಕುರ್ಚಿಗೂ ನಡೆಯುತ್ತದೆ. ಗೊತ್ತಾದ ದಿನ ಯಾರೋ ಸಾಲ ವಾಪಸ್ ಕೊಟ್ಟಷ್ಟು ಖುಷಿಯಾಗಿತ್ತು.

ಕನ್ನಡದ ಕಡೆಗೂ ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ನಮ್ಮದೇನೋ ಕಮ್ಮಿ ಅಂದ ಹಾಗಾಗುತ್ತದೆ. ‘ಕುಣಿಯಲಾರದವಳು ನೆಲ ಡೊಂಕು ಅಂದಳು.’ ಆ ಮೊದಲ ಪದ ನೋಡಿ. ಕುಣಿಯೋದು, ಆಗದೇ ಇರೋದು, ಹೆಂಗಸು, ಎಲ್ಲ ಒಂದೇ ಉಸಿರಿನಲ್ಲಿ. ಇಂಗ್ಲಿಷಿಗೆ ‘ಎ ವುಮನ್ ಹೂ ಕಾಂಟ್ ಡಾನ್ಸ್’ ಅಂತ ಐದು ಪದ ಬೇಕು. ಪದ ಎಣಿಸಿ ದುಡ್ಡು ಕೊಡುವ ಕಾಲದಲ್ಲಿ ಕನ್ನಡದಲ್ಲಿ ಬರೆಯುವವರಿಗೆ ನಷ್ಟ, ಅದು ಬೇರೆ ವಿಷಯ. ಇದೇ ಕನ್ನಡದಲ್ಲಿ ಈಗ ಸರ್ಕಾರಿ ನೋಟಿಸುಗಳು ‘ಯಾವ ಅಭ್ಯರ್ಥಿಗಳು ಅರ್ಜಿ ಸಲ್ಲಿಸಿರುತ್ತಾರೋ ಅಂತಹವರು’ ಅಂತ ಶುರುವಾಗುತ್ತವೆ. ‘ಅರ್ಜಿ ಹಾಕಿದವರು’ ಅಂದರೆ ಆಗುತ್ತಿತ್ತು. ‘ಹೂ’ ಥರದ ನೆಂಟ ಇಲ್ಲೂ ಬಂದು ಕೂತಿದ್ದಾನೆ.

ಎರಡನೇ ಬೈಟು ಹೊತ್ತಿಗೆ ಮೊದಲ ಸಾಲು ಹೀಗಾಗಿತ್ತು: ‘ಎ ವುಮನ್ ಹೂ ಸೆಲ್ಸ್ ಫ್ಲವರ್ಸ್ ಆ್ಯಂಡ್ ಹೂಸ್ ಡಾಟರ್ಸ್ ಎಕ್ಸಾಮ್ಸ್ ಬಿಗಿನ್ ಇನ್ ಎ ವೀಕ್ ಮಸ್ಟ್ ಡಿಸೈಡ್ ವೆದರ್ ಟು ಲೀವ್ ಹರ್ ಹಸ್ಬೆಂಡ್.’ ಉದ್ದ ಇತ್ತು. ಆದರೆ ಕೊನೆಗೆ ನಿಂತದ್ದು ಸರಿಯಾದ ಕ್ರಿಯಾಪದ. ಗಂಡನನ್ನು ಬಿಡುವುದು ಜಗಲಿಯಿಂದ ನಡುಮನೆಗೆ ಬಂದಿತ್ತು. ಉಳಿದದ್ದನ್ನೂ ಅದೇ ಲೆಕ್ಕದಲ್ಲಿ ಸರಿಸಿದೆವು. ಯಶವಂತಪುರವನ್ನು ಕಿತ್ತೇ ಹಾಕಿದೆವು. ಕೊನೆಯ ಐದು ನಿಮಿಷವನ್ನು ನೋಡುವವರಿಗೇ ಬಿಡಬೇಕಲ್ವಾ.

ಹುಡುಗ ಫೋನಿನಲ್ಲಿ ಟೈಪ್ ಮಾಡಿ ಫಾರಂಗೆ ಹಾಕಿದ. 153. ಕೆಂಪು ಬಣ್ಣದಲ್ಲಿ ತೋರಿಸಿತು.

ಮೂರು ಪದ ತೆಗೆಯಬೇಕು. ಮತ್ತೆ ಮೇಲಿಂದ ಓದಿದೆವು. ‘ಎ ವುಮನ್ ಹೂ ಸೆಲ್ಸ್ ಫ್ಲವರ್ಸ್ ಆ್ಯಂಡ್’, ಆರು ಪದ. ನಾನು ಗೀಟು ಹಾಕಿ ಪಕ್ಕದಲ್ಲಿ ಬರೆದೆ, ‘ಎ ಫ್ಲವರ್ ಸೆಲ್ಲರ್’. ನಮ್ಮ ಹೂವಾಡಗಿತ್ತಿಯ ಹಾಗೆ, ಕೊಂಡಿಯೇ ಇಲ್ಲದೆ. ಮೂರು ಪದ ಉಳಿಯಿತು.

“ಹೂ ಹೋಯ್ತಲ್ಲ ಮೇಡಂ” ಅಂದ.

“ಹೂವು ಇದೆಯಲ್ಲಪ್ಪ” ಅಂದೆ.

ಕಳಿಸುವ ಬಟನ್ ಒತ್ತಿದ. ಫೋನನ್ನು ಜೇಬಿಗೆ ಹಾಕಿಕೊಂಡು ಎರಡು ಹೆಜ್ಜೆ ಹೋದವನು ವಾಪಸ್ ಬಂದ. “ಮೇಡಂ, ಇನ್ನೊಂದು. ಅವಳು ‘ಮೊಳ ಇಪ್ಪತ್ತು’ ಅಂತಾಳಲ್ಲ, ಸಬ್‌ಟೈಟಲ್‌ನಲ್ಲಿ ಮೊಳಕ್ಕೆ ಏನು ಹಾಕೋದು?”